ಮೈಸೂರಲ್ಲಿ ಹಳೇ ವಾಲ್ವ್ ರೇಡಿಯೋದವರ ಸಮಾವೇಶ, ಜನ ನಿಜವಾಗ್ಲೂ ಬರೋ ಹಾಗೆ ಹೇಗೆ ಮಾಡೋದು?

ಬೇಕಲೈಟ್_ಮೈಸೂರು

ಎಲ್ರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದವನು. ಹಳೇ ವಾಲ್ವ್ ರೇಡಿಯೋ, ಅಂದ್ರೆ ಟ್ರಾನ್ಸಿಸ್ಟರ್ ಬರೋಕ್ ಮುಂಚಿನ, ಒಳಗೆ ಬಲ್ಬ್ ಥರ ಗಾಜಿನ ವಾಲ್ವ್ ಇರೋ ಸೆಟ್ಟು, ಕೂಡಿಡೋ ಹುಚ್ಚು. ಮನೇಲಿ ಈಗ 14 ಸೆಟ್ ಇದೆ, ಹಾಡೋದು 9, ಮಿಕ್ಕಿದ್ದು ಇವತ್ತಲ್ಲ ನಾಳೆ ಹಾಡುತ್ತೆ ಅಂತ ಅಟ್ಟದ ಮೇಲೆ ಕೂತಿದೆ. ನಮ್ಮನೆಯವ್ರು ದಿನಾ ಅಟ್ಟ ನೋಡ್ತಾರೆ ಆದ್ರೆ ಏನೂ ಅನ್ನಲ್ಲ, ಅದೇ ನಂಗೆ ಭಯ.

ವಿಷಯ ಏನಂದ್ರೆ ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ, 140 ಜನ. ಮೈಸೂರು ಮಂಡ್ಯದವ್ರು ಜಾಸ್ತಿ, ಹಾಸನ ಚಾಮರಾಜನಗರದವ್ರು ಸ್ವಲ್ಪ, ಬೆಂಗ್ಳೂರವ್ರು ಒಂದು ಮೂವತ್ತು. ಆರು ವರ್ಷದಿಂದ ಬರೀ ಫೋಟೋ ಹಾಕೋದು, "ಸೂಪರ್ ಸರ್" ಅನ್ನೋದು, ಇಷ್ಟೇ. ಒಬ್ರ ಮುಖ ಒಬ್ರು ನೋಡಿಲ್ಲ. ಅದಕ್ಕೆ ಎರಡು ದಿನದ ಸಮಾವೇಶ ಮಾಡೋಣ ಅಂತ ನಾನೇ ಬಾಯಿ ಬಿಟ್ಟೆ, ಬಾಯಿ ಬಿಟ್ಟವನ ತಲೆ ಮೇಲೇ ಬಿತ್ತು. 2027ರ ಫೆಬ್ರವರಿ 13, 14 ಅಂತ ಯೋಚನೆ. 13 ವಿಶ್ವ ರೇಡಿಯೋ ದಿನ, ಮೇಲಾಗಿ ಎರಡನೇ ಶನಿವಾರ, ಬ್ಯಾಂಕು ಸರ್ಕಾರಿ ಆಫೀಸಿನವ್ರಿಗೆ ರಜ. ಊರು ಮಾತ್ರ ಮೈಸೂರೇ ಆಗ್ಬೇಕು, ಮಹಾರಾಜ ಕಾಲೇಜಿನ ಸೈಕಾಲಜಿ ಪ್ರೊಫೆಸರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೇಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಕೊಂಡು ಆಕಾಶವಾಣಿ ಅಂತ ಶುರು ಮಾಡಿದ ಊರಲ್ವಾ ಇದು, ಇಲ್ಲಿ ಬಿಟ್ಟು ಇನ್ನೆಲ್ಲಿ ಮಾಡೋದು.

ಪ್ಲಾನ್ ಹೀಗಿದೆ. ಊರೊಳಗೆ ಒಂದು ಎಸಿ ಹಾಲು. ಬೆಳಗ್ಗೆ 10ಕ್ಕೆ ಉದ್ಘಾಟನೆ, ಆಮೇಲೆ ಪ್ರಬಂಧ ಮಂಡನೆ, ಊಟ, ಸಂವಾದ, ಪಕ್ಕದ ರೂಮಲ್ಲಿ ರೇಡಿಯೋ ಪ್ರದರ್ಶನ, 5 ಗಂಟೆಗೆ ಮುಕ್ತಾಯ. ಎರಡನೇ ದಿನಾನೂ ಹೆಚ್ಚೂ ಕಮ್ಮಿ ಅದೇ. 100 ಜನ ಗುರಿ. ಮಗಳ ಕೈಲಿ ಪೋಸ್ಟರ್ ಮಾಡಿಸಿ ಗ್ರೂಪಿಗೆ ಹಾಕ್ದೆ. ಪೋಲ್ ಇಟ್ರೆ "ಬರ್ತೀನಿ" ಅಂತ 96 ಜನ ಒತ್ತಿದ್ರು, ನಂಗೆ ಖುಷಿಯೋ ಖುಷಿ. ಆಮೇಲೆ 500 ರೂಪಾಯಿ ಅಡ್ವಾನ್ಸ್ ಹಾಕಿ ಅಂದೆ ನೋಡಿ. ಹಾಕಿದ್ದು 7 ಜನ. ಅದ್ರಲ್ಲಿ ಒಬ್ರು ನಮ್ಮ ಭಾವ, ಅವ್ರ ಮನೇಲಿ ರೇಡಿಯೋನೇ ಇಲ್ಲ.

ಇಂಥ ಕಾರ್ಯಕ್ರಮ ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ. ಪ್ರಚಾರ ಸಾಲ್ದಾ, ಫೀಸ್ ಜಾಸ್ತಿ ಆಯ್ತಾ, ಇಲ್ಲಾ ಪ್ಲಾನಲ್ಲೇ ಏನಾದ್ರೂ ಐಬಿದ್ಯಾ?

ಸೀರೀಸ್_ಬಲ್ಬ್

ಸರ್ ಐಬು ಪ್ಲಾನಲ್ಲೇ ಇದೆ, ಬೇಜಾರ್ ಮಾಡ್ಕೋಬೇಡಿ. ಎಸಿ ಹಾಲ್ ಅಂದ ತಕ್ಷಣ ನಂಗೆ ಹೊಟ್ಟೆ ಉರೀತು, ಯಾಕಂದ್ರೆ ನಾವು ನಾಲ್ಕು ವರ್ಷದ ಹಿಂದೆ ಇದೇ ಮೈಸೂರಲ್ಲಿ ಇದೇ ತಪ್ಪು ಮಾಡಿದ್ವಿ.

ಒಂದು ದಿನದ್ದು ಕಾರ್ಯಕ್ರಮ, 22 ಸೆಟ್ ಸಾಲಾಗಿ ಬಿಳೀ ಬಟ್ಟೆ ಹಾಸಿ ಜೋಡಿಸಿದ್ವಿ, ನೋಡೋಕೆ ಮದುವೆ ಮನೆ ಥರ. ಉದ್ಘಾಟನೆ 10ಕ್ಕೆ ಅಂತ ಹಾಕಿದ್ವಿ, ಅತಿಥಿಗಳು ಬಂದಿದ್ದು 11:40ಕ್ಕೆ. ಮೈಸೂರು ಪೇಟ, ಹಾರ, ಫೋಟೋ, ಅವ್ರ ಭಾಷಣ, ಅವ್ರ ಪಕ್ಕ ಕೂತೋರ ಭಾಷಣ, ವಂದನಾರ್ಪಣೆ ಮುಗಿಯೋ ಹೊತ್ಗೆ ಊಟದ ಟೈಮು. ಆಮೇಲೆ ಯಾರೋ "ರೇಡಿಯೋ ಹಾಕಿ ಕೇಳೋಣ" ಅಂದ್ರು. ಎಲ್ಲಾ ಸೆಟ್ಟೂ ಆನ್ ಮಾಡಿದ್ವಿ, ವಾಲ್ವ್ ಬಿಸಿ ಆಗೋದಕ್ಕೆ ಅರ್ಧ ನಿಮಿಷ, ಡಯಲ್ ದೀಪ ಹತ್ತಿತು, ಮ್ಯಾಜಿಕ್ ಐ ಅನ್ನೋ ಟ್ಯೂನಿಂಗ್ ತೋರಿಸೋ ದೀಪ ಹಸಿರಾಯ್ತು, ಜನ ಎಲ್ಲಾ ಮುಂದಕ್ಕೆ ಬಂದ್ರು... ಜುಯ್ಯ್ಯ್ಯ್. ಅಷ್ಟೇ. 22ಕ್ಕೆ 22 ಸೆಟ್ಟೂ ಒಂದೇ ರಾಗ. ಡಯಲ್ಲಿನ ಈ ತುದಿಯಿಂದ ಆ ತುದಿವರ್ಗೂ ಬರೀ ಗೊರಗೊರ.

ಕಾರಣ ಗೊತ್ತಿರೋರಿಗೆ ಗೊತ್ತು. ಹಾಲ್ ತುಂಬಾ ಎಲ್‌ಇಡಿ ಲೈಟು, ಅದರೊಳಗಿನ ಡ್ರೈವರ್ ಸೆಕೆಂಡಿಗೆ ಸಾವಿರಗಟ್ಟಲೆ ಸಲ ಆನ್ ಆಫ್ ಆಗ್ತಿರುತ್ತೆ, ಆ ಗಲಾಟೆ ಸೀದಾ ಮೀಡಿಯಂ ವೇವ್ ಮೇಲೆ ಬೀಳುತ್ತೆ. ಜೊತೆಗೆ ಯುಪಿಎಸ್ಸು, ಪ್ರೊಜೆಕ್ಟರು, ಲ್ಯಾಪ್‌ಟಾಪ್ ಚಾರ್ಜರು, ಇನ್ವರ್ಟರ್ ಎಸಿ. ಮೇಲೆ ಕಬ್ಬಿಣ ತುಂಬಿರೋ ಆರ್‌ಸಿಸಿ ಚಾವಣಿ, ಹೊರಗಿನ ಸಿಗ್ನಲ್ ಒಳಕ್ಕೇ ಬರಲ್ಲ. ಇನ್ನೂ ತಮಾಷೆ ಏನಂದ್ರೆ ಆಕಾಶವಾಣಿ ಹುಟ್ಟಿದ ಊರು ಅಂತ ಬ್ಯಾನರ್ ಬೇರೆ ಹಾಕಿದ್ವಿ, ಆದ್ರೆ ನಮ್ಮೂರ ಕೇಂದ್ರ ಬರೋದು ಎಫ್‌ಎಂ 100.6ರಲ್ಲಿ, ನಮ್ಮ ಸೆಟ್ಟುಗಳಲ್ಲಿ ಇರೋದು ಮೀಡಿಯಂ ವೇವು ಶಾರ್ಟ್ ವೇವು ಮಾತ್ರ. ಯಾದವಗಿರಿಯ ಸ್ಟೇಷನ್ನು ಕೂಗಳತೆ ದೂರ, ನಮ್ಮ ರೇಡಿಯೋಗೆ ಕೇಳಲ್ಲ!

ನಂಜನಗೂಡಿನಿಂದ ಒಬ್ಬ ತಾತ ಬಂದಿದ್ರು. ಹಳೇ ಫಿಲಿಪ್ಸ್ ಸೆಟ್ಟು, ಬೆಡ್‌ಶೀಟಲ್ಲಿ ಸುತ್ತಿ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ರು, ಜೊತೇಲಿ ಮೊಮ್ಮಗ. ಹುಡುಗ ಎಲ್ರ ಎದುರಿಗೇ "ತಾತಾ ಇದು ಕೆಟ್ಟೋಗಿದ್ಯಾ" ಅಂದ. ತಾತ ಏನೂ ಮಾತಾಡ್ಲಿಲ್ಲ, ಟ್ಯೂನಿಂಗ್ ನಾಬ್ ಹಿಡ್ಕೊಂಡು ಆ ಕಡೆ ಈ ಕಡೆ ತಿರುಗಿಸ್ತಾನೇ ಇದ್ರು. ಕೊನೆಗೆ ನಮ್ಮ ಹುಡುಗ್ರಲ್ಲಿ ಒಬ್ಬ ಸೆಟ್ ಎತ್ಕೊಂಡು ಹೊರಗೆ ಕಾಂಪೌಂಡಿಗೆ ಹೋದ, ಎಕ್ಸ್‌ಟೆನ್ಷನ್ ಬೋರ್ಡ್ ಎಳೆದ, ಒಂದು ವೈರಿಗೆ ಕಲ್ಲು ಕಟ್ಟಿ ಹೊಂಗೆ ಮರದ ಮೇಲಕ್ಕೆ ಎಸೆದ. ಮೀಡಿಯಂ ವೇವಲ್ಲಿ 612 ಕಿಲೋಹರ್ಟ್ಸ್ ಹತ್ರ ಮುಳ್ಳು ಬಂತು ನೋಡಿ, ಬೆಂಗ್ಳೂರು ಕೇಂದ್ರ ಗಂಟೆ ಹೊಡೆದ ಹಾಗೆ ಬಂತು. 200 ಕಿಲೋವ್ಯಾಟಿನ ಸ್ಟೇಷನ್ನು, ಹಗಲಲ್ಲೂ ಇಲ್ಲಿಗೆ ಆರಾಮಾಗಿ ಬರುತ್ತೆ, ನಾವೇ ಅದಕ್ಕೆ ಬಾಗಿಲು ಹಾಕಿದ್ವಿ. ಹತ್ತು ನಿಮಿಷದಲ್ಲಿ ಹಾಲಲ್ಲಿದ್ದ ಜನ ಎಲ್ಲಾ ಮರದ ಕೆಳಗೆ. ಒಳಗೆ ಒಬ್ರು ಪಾಪ ನಾಲ್ಕು ಖಾಲಿ ಕುರ್ಚಿಗೆ ಪ್ರಬಂಧ ಓದ್ತಿದ್ರು.

ಅದಕ್ಕೇ ಹೇಳೋದು, ಮೊದಲು ಜಾಗಕ್ಕೆ ಹೋಗುವಾಗ ಜೇಬಲ್ಲಿ ಒಂದು ಚಿಕ್ಕ ಟ್ರಾನ್ಸಿಸ್ಟರ್ ಇಟ್ಕೊಂಡು ಹೋಗಿ. ಹಾಲಿನವ್ರು ಬಾಡಿಗೆ ಹೇಳೋಕ್ ಮುಂಚೆ ಎಲ್ಲಾ ಲೈಟ್ ಹಾಕ್ಸಿ, ಮೀಡಿಯಂ ವೇವ್ ಇಟ್ಟು ಕೇಳಿ. ಅದು ಗೊರ ಅಂದ್ರೆ ಕೈ ಮುಗಿದು ಬಂದ್ಬಿಡಿ, ಎಷ್ಟೇ ಕಮ್ಮಿ ರೇಟ್ ಇರ್ಲಿ.

ಮಂಡ್ಯದ್_ಮರ್ಫಿ

ಅಣ್ಣೋ, 13ನೇ ತಾರೀಕು ರಥಸಪ್ತಮಿ ಕಣಣ್ಣ! ಪಂಚಾಂಗ ವಸಿ ನೋಡ್ಬುಟ್ಟು ಡೇಟ್ ಹಾಕ್ಬಾರ್ದಾ. ಶ್ರೀರಂಗಪಟ್ಟಣದಲ್ಲಿ ಅವತ್ತೇ ತೇರು, ಮೇಲುಕೋಟೇಲೂ ಜೋರು. ನಮ್ಮನೆ ದೇವ್ರೇ ರಂಗನಾಥ, ನಾನು ರೇಡಿಯೋ ಎತ್ಕಂಡು ಮೈಸೂರಿಗೆ ಹೊಂಟ್ರೆ ನಮ್ಮವ್ವ ಮನೆ ಒಳಕ್ಕೆ ಸೇರುಸ್ತದಾ. ನಿಮ್ ಗ್ರೂಪಲ್ಲಿ ಮಂಡ್ಯದವ್ರು ಎಷ್ಟು ಜನ ಅವ್ರೆ ಅಷ್ಟೂ ಜನಾನೂ ಕೇಳಿ ನೋಡಿ, "ಬತ್ತೀನಿ" ಅಂತ ಒತ್ತವ್ರೆ, ಆಮೇಲೆ ಮನೇಲಿ ಹೇಳವ್ರೆ, ಆಮೇಲೆ ದುಡ್ಡು ಹಾಕಿಲ್ಲ. ಇದ್ರಲ್ಲಿ ಫೀಸ್ ಕತೆ ಏನೂ ಇಲ್ಲ.

ಒಂದು ವಾರ ಮುಂದಕ್ಕಾಕಿ, 20, 21. ರೇಡಿಯೋ ದಿನ ಒಂದು ವಾರ ಲೇಟಾದ್ರೆ ರೇಡಿಯೋ ಏನ್ ಮುನ್ಸ್ಕಳಕಿಲ್ಲ. ಮಾರ್ಚ್‌ಗಂತೂ ಹೋಗ್ಬ್ಯಾಡಿ, ಪರೀಕ್ಷೆ ಮಕ್ಳಿರೋ ಮನೇಲಿ ಯಾವನೂ ಆಚೆ ಬರಾಕಿಲ್ಲ. ದಸರಾ ಟೈಮಂತೂ ಮೈಸೂರಲ್ಲಿ ಲಾಡ್ಜ್ ಸಿಗಾದಿರ್ಲಿ ಬೈಕ್ ನಿಲ್ಸಾಕೂ ಜಾಗ ಇರಾಕಿಲ್ಲ. ದುಡ್ಡು ಕಮ್ಮಿ ಇದ್ರೆ ಆಷಾಢದಲ್ಲಿ ಮಾಡಿ, ಮದ್ವೆ ಇರಲ್ಲ, ಛತ್ರದವ್ರು ಅವ್ರೇ ಫೋನ್ ಮಾಡಿ ಕರೀತಾರೆ. ಆದ್ರೆ ಮಳೆ, ಗುಡುಗು. ಗುಡುಗಿದ್ರೆ ಮೀಡಿಯಂ ವೇವಲ್ಲಿ ಚಟಚಟ, ನಿಮ್ಗೆ ನಾನು ಹೇಳ್ಬೇಕಾ.

ಇನ್ನೊಂದು, ಬೈಕಲ್ಲಿ ಬರೋರು ಜಾಸ್ತಿ ನಮ್ ಕಡೆಯಿಂದ. ಎಕ್ಸ್‌ಪ್ರೆಸ್ ವೇ ಮೇನ್ ರೋಡಲ್ಲಿ ಟೂ ವೀಲರ್ ಬಿಡಲ್ಲ, 2023ರಿಂದಲೇ ನಿಲ್ಸವ್ರೆ, ಸರ್ವೀಸ್ ರೋಡ್ ಹಂಪು ಗುಂಡಿ ಎಲ್ಲಾ ದಾಟ್ಕಂಡು ಬರ್ಬೇಕು. ಹಿಂದಿನ ಸೀಟಲ್ಲಿ ರೇಡಿಯೋ ಕಟ್ಕಂಡು ಬಂದ್ರೆ ಮೈಸೂರು ತಲುಪೋ ಹೊತ್ಗೆ ವಾಲ್ವು ಸಾಕೆಟ್ಟಿಂದ ಎದ್ದು ಕೂತಿರ್ತದೆ. ಅದಕ್ಕೆ ಮಂಡ್ಯದಿಂದ ಒಂದು ಗೂಡ್ಸ್ ಆಟೋ ಇಲ್ಲಾ ಟೆಂಪೋ ಮಾಡ್ಬುಡಿ, ರೇಡಿಯೋ ಎಲ್ಲಾ ಹುಲ್ಲು ಹಾಸಿ ಅದ್ರಲ್ಲಿ ಬರ್ಲಿ, ಮನುಷ್ರು ಬಸ್ಸಲ್ಲೋ ರೈಲಲ್ಲೋ ಬತ್ತಾರೆ. ಟೆಂಪೋ ಜವಾಬ್ದಾರಿ ನಂಗ್ ಕೊಡಿ. ಮದ್ದೂರು ವಡೆನೂ ನಂದೇ.

ಅಣ್ಣ ಸುಮ್ನೆ ಹೇಳ್ತಿಲ್ಲ, ಇಂಥದ್ದೊಂದು ಕೆಲ್ಸ ಪ್ರತಿಯೊಬ್ಬನ್ಗೂ ಕೊಡಿ. ಟೆಂಪೋ ನಂದು ಅಂದ್ಮೇಲೆ ನಾನು ಬರ್ದೆ ಇರಾಕಾಯ್ತದಾ?

ಲತಾ_ಸರಸ್ವತಿಪುರಂ

ನಾನು ರೇಡಿಯೋದವಳಲ್ಲ, ಅಂಚೆಚೀಟಿಯವಳು. ನಾವು ವರ್ಷ ವರ್ಷ ಮೈಸೂರಲ್ಲಿ ಅಂಚೆಚೀಟಿ ನಾಣ್ಯದವ್ರು ಒಂದು 60-70 ಜನ ಸೇರ್ತೀವಿ, ಅದರ ಓಡಾಟ ಪೂರ್ತಿ ನನ್ನದೇ. ಅದಕ್ಕೆ ಪ್ರಚಾರದ ಬಗ್ಗೆ ಎರಡು ಮಾತು.

ಸರ್, ನಿಮ್ಮ ಪೋಸ್ಟರ್ ನೋಡಿಲ್ಲ, ಆದ್ರೂ ಹೇಳ್ತೀನಿ ಅದರಲ್ಲಿ ಏನಿರುತ್ತೆ ಅಂತ. "ಆತ್ಮೀಯ ಸ್ವಾಗತ", ಉದ್ಘಾಟಕರ ಫೋಟೋ, ಅಧ್ಯಕ್ಷರ ಫೋಟೋ, ಮುಖ್ಯ ಅತಿಥಿಗಳ ಫೋಟೋ, ಮೂಲೆಯಲ್ಲಿ ಒಂದು ಚಿಕ್ಕ ರೇಡಿಯೋ. ಸರಿನಾ? ಅದನ್ನ ನೋಡಿ ನಾನು ಯಾಕೆ ಬರ್ಬೇಕು? ನಂಗೆ ಅಲ್ಲಿ ಏನು ಕೆಲ್ಸ? ಅದರ ಬದಲು "ಅಟ್ಟದ ಮೇಲೆ ಕೆಟ್ಟು ಕೂತಿರೋ ರೇಡಿಯೋ ಇದ್ಯಾ? ತನ್ನಿ, ಬಿಚ್ಚಿ ನೋಡೋಣ" ಅಂತ ಮಾತ್ರ ಹಾಕಿ ನೋಡಿ. ಸಂಗ್ರಹ ಮಾಡೋ 140 ಜನರ ಆಚೆಗೆ, ಅಪ್ಪನ ರೇಡಿಯೋ ಬಿಸಾಕೋಕ್ಕೂ ಆಗ್ದೆ ಇಟ್ಕೊಳ್ಳೋಕ್ಕೂ ಆಗ್ದೆ ಇರೋ ಮನೆ ಮೈಸೂರಲ್ಲಿ ಬೀದಿಗೊಂದಿದೆ. ನಮ್ಮನೇಲೂ ಇದೆ. ಅಪ್ಪನ ಬುಷ್ ರೇಡಿಯೋ, ಅದರ ಹಿಂದೆ ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕ ಕೂಡ ಹಾಗೇ ಸಿಕ್ಕಿಸಿದೆ, ಆಗ ರೇಡಿಯೋ ಇಟ್ಕೊಳ್ಳೋಕೆ ವರ್ಷ ವರ್ಷ ದುಡ್ಡು ಕಟ್ಟಿ ಸ್ಟಾಂಪ್ ಅಂಟಿಸ್ಬೇಕಿತ್ತಲ್ಲ. ನಾನು ಅದನ್ನ ಆ ಸ್ಟಾಂಪಿಗೋಸ್ಕರ ಇಟ್ಕೊಂಡಿದೀನಿ, ರೇಡಿಯೋಗೋಸ್ಕರ ಅಲ್ಲ, ನಿಜ ಹೇಳ್ಬೇಕಂದ್ರೆ.

ವಾಟ್ಸಾಪ್ ಫಾರ್ವರ್ಡ್ ಮೇಲೆ ನಂಬಿಕೆ ಇಡ್ಬೇಡಿ. ನಿಮ್ಮವ್ರು ಬಹಳ ಜನ 60 ದಾಟಿದವ್ರು ಅನ್ಸುತ್ತೆ, ಅವ್ರಿಗೆ ಗ್ರೂಪಲ್ಲಿ ಕರೆದ್ರೆ ಕರೆದ ಹಾಗಲ್ಲ. ನಾವು ಮಾಡಿದ್ದು ಹೇಳ್ತೀನಿ, 50 ಪೈಸೆ ಪೋಸ್ಟ್ ಕಾರ್ಡ್. ಕೈಬರಹದಲ್ಲಿ, ಒಬ್ಬೊಬ್ರಿಗೂ ಬೇರೆ ಬೇರೆ. "ನಿಮ್ಮ ಹತ್ತಿರ ಇರೋ ಆ ಮೈಸೂರು ಸಂಸ್ಥಾನದ ಕಾಲದ ಲಕೋಟೆ ತನ್ನಿ, ನೋಡೋಕೆ ಕಾಯ್ತಾ ಇದೀವಿ" ಅಂತ. ಅಷ್ಟೇ ಎರಡು ಸಾಲು. ನೀವಂತೂ ಕಾರ್ಡಿಗೆ ಇನ್ನೂ ಹತ್ತಿರದವ್ರು, ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡ್ ಬರೆದು ಹೆಸರು ಓದ್ತಾರಾ ಅಂತ ಕಿವಿ ಕೊಟ್ಟು ಕೂತೋರಲ್ವಾ. ಕಾರ್ಡ್ ಸಿಕ್ಕಿದವ್ರು ಏನ್ ಮಾಡಿದ್ರು ಗೊತ್ತಾ, ಪ್ರತಿಯೊಬ್ರೂ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕೊಂಡ್ರು. ನಾನು ಪೋಸ್ಟರ್ ಹಂಚು ಅಂತ ಕಾಲಿಗೆ ಬಿದ್ರೂ ಹಂಚದೆ ಇದ್ದವ್ರು! ನಾವು ಹಿಂದಿನ ವರ್ಷ 28 ಜನ ಇದ್ದದ್ದು ಆ ಸಲ 61 ಆಯ್ತು.

ಪೇಪರಿಗೆ ಕೊಡೋದಾದ್ರೆ ಎರಡು ಸಲ ಕೊಡ್ಬೇಕು. ಮೂರು ವಾರ ಮುಂಚೆ ಸಮಾವೇಶದ ಸುದ್ದಿ ಕೊಡ್ಬೇಡಿ, ಒಬ್ಬ ಮನುಷ್ಯ ಮತ್ತೆ ಅವನ ರೇಡಿಯೋ ಕತೆ ಕೊಡಿ, ಸೀರೀಸ್ ಬಲ್ಬ್ ಸರ್ ಹೇಳಿದ ಆ ತಾತನ ಥರದವ್ರು ಯಾರಾದ್ರೂ. ಕೊನೇ ಸಾಲಲ್ಲಿ ದಿನಾಂಕ ಬಂದ್ರೆ ಸಾಕು. ಆಮೇಲೆ ಎರಡು ಮೂರು ದಿನ ಮುಂಚೆ ನಾಲ್ಕೇ ಸಾಲು ಬರೆದು ಮೈಸೂರು ಮಿತ್ರ, ಆಂದೋಲನ, ಸ್ಟಾರ್ ಆಫ್ ಮೈಸೂರ್‌ಗೆ ಇಂದಿನ ಕಾರ್ಯಕ್ರಮಗಳ ಕಾಲಂಗೆ ಅಂತ ಕಳಿಸಿ. ಮೈಸೂರಲ್ಲಿ ರಿಟೈರ್ ಆದವ್ರು ಕಾಫಿ ಜೊತೆ ಆ ಕಾಲಂ ಓದೇ ಓದ್ತಾರೆ, ನಮ್ಮ ಮಾವನೋರು ಅದನ್ನ ನೋಡ್ಕೊಂಡೇ ಚಪ್ಪಲಿ ಹಾಕ್ಕೊಳ್ಳೋದು. ಆಮೇಲೆ ರೇಡಿಯೋ ರಿಪೇರಿ ಅಂಗಡಿ ಎಷ್ಟು ಉಳಿದಿದ್ಯೋ ಅಷ್ಟಕ್ಕೂ ನೀವೇ ಹೋಗಿ, ಬರೀ ಹ್ಯಾಂಡ್‌ಬಿಲ್ ಇಟ್ಟು ಬರ್ಬೇಡಿ, ಅವ್ರನ್ನೇ ಕರೀರಿ.

ಒಂದು ವಿಷಯ ಮಾತ್ರ ಯಾರೂ ಎತ್ತಿಲ್ಲ, ಎತ್ತಲ್ಲ ಅಂತಾನೂ ಗೊತ್ತು. ಹಾಲ್ ಬೇಡ ಬಯಲು ಅಂತಿದೀರಾ. ಸರಿ. ಟಾಯ್ಲೆಟ್ ಎಲ್ಲಿ? 60 ದಾಟಿದವ್ರು, ಶುಗರ್ ಇರೋರು, ಜೊತೆಗೆ ಹೆಂಗಸ್ರು. ಊಟ 1 ಗಂಟೆ ಅಂದ್ರೆ 1 ಗಂಟೆಗೇ ಎಲೆ ಹಾಕ್ಬೇಕು, ಒರಗೋ ಕುರ್ಚಿ ಬೇಕು. ಇದಿಲ್ಲದೆ ಮಾಡಿದ್ರೆ ಎರಡನೇ ದಿನ ಅರ್ಧ ಜನ ಬರಲ್ಲ, ಯಾಕೆ ಬಂದಿಲ್ಲ ಅಂತ ಬಾಯಿ ಬಿಟ್ಟು ಹೇಳೋದೂ ಇಲ್ಲ.

ಬೇಕಲೈಟ್_ಮೈಸೂರು

ಲತಾ ಮೇಡಂ, ಪೋಸ್ಟರಲ್ಲಿ ಮೂರಲ್ಲ ಐದು ಫೋಟೋ ಇದೆ. ರೇಡಿಯೋ ಇಲ್ಲವೇ ಇಲ್ಲ, ಜಾಗ ಸಾಲ್ಲಿಲ್ಲ 🙏

ಮಂಡ್ಯದ ಮರ್ಫಿ ಅಣ್ಣ, ರಥಸಪ್ತಮಿ ತಲೆಗೇ ಹೊಳೀಲಿಲ್ಲ, ತಪ್ಪಾಯ್ತು. ಗ್ರೂಪಲ್ಲಿ ಕೇಳ್ದೆ, ನೀವು ಹೇಳಿದ್ದೇ ನಿಜ. ಆದ್ರೆ 20 ಮೂರನೇ ಶನಿವಾರ, ಬ್ಯಾಂಕಿನವ್ರಿಗೆ ಸರ್ಕಾರಿ ಕೆಲಸದವ್ರಿಗೆ ರಜ ಇಲ್ಲ. ಅದೊಂದು 20 ಜನ ಕಳ್ಕೋತೀವಲ್ಲ?

ಜಾಗಕ್ಕೆ, ಇಲವಾಲದ ಆಚೆ ನಮ್ಮ ಗ್ರೂಪಿನವ್ರೊಬ್ರ ತೆಂಗಿನ ತೋಟ ಇದೆ, ಹಳೇ ತೊಟ್ಟಿ ಮನೆ ಇದೆ, ಮೂರು ಬಾತ್‌ರೂಮ್ ಇದೆ ಅಂತಾರೆ. ಆದ್ರೆ ಅಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತೆ. ಜನರೇಟರ್ ತರಿಸ್ಬೇಕಾ?

ಶಾರ್ಟ್‌ವೇವ್_73

ತೋಟ ಬಿಡ್ಬೇಡಿ. ಕರೆಂಟ್ ಹೋದ್ರೆ ಇನ್ನೂ ಒಳ್ಳೇದು. ತಮಾಷೆಗೆ ಹೇಳ್ತಿಲ್ಲ, ಮನೇಲಿ ಕರೆಂಟ್ ಹೋದಾಗ ಸೆಲ್ ಹಾಕಿರೋ ಟ್ರಾನ್ಸಿಸ್ಟರ್ ಆನ್ ಮಾಡಿ ನೋಡಿ, ಇಡೀ ಬೀದಿಯ ಎಲ್‌ಇಡಿ, ಚಾರ್ಜರು, ಟಿವಿ ಎಲ್ಲಾ ಒಟ್ಟಿಗೆ ಸತ್ತಿರುತ್ತೆ, ಬ್ಯಾಂಡ್ ತೊಳೆದಿಟ್ಟ ಹಾಗಿರುತ್ತೆ. ನಾನು ಕರೆಂಟ್ ಹೋಗ್ಲಿ ಅಂತ ಕಾಯೋ ಒಬ್ಬನೇ ಮೈಸೂರಿಗ ಇರ್ಬೇಕು. ವಾಲ್ವ್ ಸೆಟ್ಟಿಗೆ ಮಾತ್ರ ಕರೆಂಟ್ ಬೇಕು, ಒಂದು ಸೆಟ್ಟು ಸುಮಾರು 40-60 ವ್ಯಾಟ್ ತಿನ್ನುತ್ತೆ, 20 ಸೆಟ್ ಒಟ್ಟಿಗೆ ಹಾಕಿದ್ರೂ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಜನರೇಟರ್ ತರಿಸಿದ್ರೆ ದೂರ ನಿಲ್ಸಿ, ಅದೂ ಗಲಾಟೆ ಮಾಡುತ್ತೆ.

ಈಗ ನಿಮ್ಮ ಪ್ಲಾನಿನ ದೊಡ್ಡ ತಪ್ಪು ಹೇಳ್ತೀನಿ, ಯಾರೂ ಹೇಳಿಲ್ಲ ಅಂತ ಆಶ್ಚರ್ಯ. 5 ಗಂಟೆಗೆ ಮುಕ್ತಾಯ ಅಂತೀರಲ್ಲ, ರೇಡಿಯೋ ಶುರು ಆಗೋದೇ ಆವಾಗ! ಆಕಾಶದಲ್ಲಿ ತುಂಬಾ ಮೇಲೆ ವಿದ್ಯುತ್ ಕಣಗಳು ತುಂಬಿರೋ ಅಯಾನುಗೋಳ ಇದೆ, ಹಗಲು ಹೊತ್ತು ಅದರ ತಳದ ಪದರ, ಡಿ ಲೇಯರ್ ಅಂತಾರಲ್ಲ, ಅದು ಮೇಲಕ್ಕೆ ಹೋಗೋ ಮೀಡಿಯಂ ವೇವನ್ನ ನುಂಗಿಬಿಡುತ್ತೆ. ಹತ್ತಿರದ ಸ್ಟೇಷನ್ ನೆಲದ ಮೇಲೆ ಹರ್ಕೊಂಡು ಬಂದಿದ್ದಷ್ಟೇ ಸಿಗೋದು. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತೆ, ಅಲೆ ಇನ್ನೂ ಮೇಲಕ್ಕೆ ಹೋಗಿ ವಾಪಸ್ ಪುಟಿಯುತ್ತೆ, ನೂರಾರು ಮೈಲಿ ಆಚೆಯದ್ದೆಲ್ಲಾ ಒಂದೊಂದೇ ಬಂದು ಕೂರುತ್ತೆ. ಫೆಬ್ರವರಿಯಲ್ಲಿ ನಮ್ಮಲ್ಲಿ ಆರೂವರೆ ಹೊತ್ತಿಗೆ ಕತ್ಲಾಗುತ್ತೆ. ಆ ಅರ್ಧ ಗಂಟೆಯಲ್ಲಿ ಡಯಲ್ ಮೇಲೆ ಕೈಯಿಟ್ಟು ಕೂತೋನಿಗೆ ಗೊತ್ತು. ಮಧ್ಯಾಹ್ನ ಬರೀ ಗಾಳಿ ಇದ್ದ ಜಾಗದಲ್ಲಿ ಮೊದಲು ಒಂದು ಸಣ್ಣ ಸಿಳ್ಳೆ, ಆಮೇಲೆ ದೂರದಲ್ಲೆಲ್ಲೋ ಯಾರೋ ಮಾತಾಡಿದ ಹಾಗೆ, ಹೋಯ್ತು ಅಂದ್ಕೊಳ್ಳೋಷ್ಟರಲ್ಲಿ ತುಂಬ್ಕೊಂಡು ಬರುತ್ತೆ. ತಮಿಳೋ ಸಿಂಹಳವೋ ಅಂತ ಜಗಳ ಆಡ್ಕೊಂಡು ಕೇಳೋದೇ ಮಜ. ನೀವು ಆ ಹೊತ್ತಿಗೆ ಸರಿಯಾಗಿ ವಂದನಾರ್ಪಣೆ ಮಾಡಿ ಎಲ್ರನ್ನೂ ಮನೆಗೆ ಕಳಿಸ್ತಿದೀರ.

ಅದಕ್ಕೆ ಶನಿವಾರ ಮಧ್ಯಾಹ್ನ 3ಕ್ಕೆ ಶುರು ಮಾಡಿ. ಬ್ಯಾಂಕಿನವ್ರು ಸಂಜೆ ಹೊತ್ತಿಗೆ ಬಂದು ಸೇರ್ತಾರೆ, ಅವ್ರೇನೂ ಕಳ್ಕೊಳ್ಳಲ್ಲ. ಆರೂವರೆಯಿಂದ ಕೇಳೋದು. ಭಾನುವಾರ ಬೆಳಗ್ಗೆ ರಿಪೇರಿ, ಮಾರಾಟ, ಊಟ, ಮನೆಗೆ. ಹೊರಗಿನವ್ರಿಗೆ ಒಂದೇ ರಾತ್ರಿ ಲಾಡ್ಜ್ ಖರ್ಚು. ಅಂದಹಾಗೆ 20ನೇ ತಾರೀಕು ಭಾರತ ಹುಣ್ಣಿಮೆ. ತೋಟದಲ್ಲಿ ಒಂದು ಲೈಟೂ ಹಾಕ್ಬೇಡಿ, ಡಯಲ್ ದೀಪ ಮತ್ತೆ ಬೆಳದಿಂಗಳು ಸಾಕು. ಎಲ್‌ಇಡಿ ಕಾಟನೂ ತಪ್ತು.

ಪರ್ಮಿಷನ್ ವಿಷಯ. ಹಳೇ ಸೆಟ್ಟಲ್ಲಿ ಹಳೇ ಹಾಡು ಬರ್ಲಿ ಅಂತ ಯಾರಾದ್ರೂ ಬುದ್ಧಿವಂತರು ಚಿಕ್ಕ ಎಎಂ ಟ್ರಾನ್ಸ್‌ಮಿಟರ್ ತಂದ್ರೆ ಬೇಡ ಅನ್ನಿ, ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡೋ ಹಾಗಿಲ್ಲ. ನಂಗೆ ಹ್ಯಾಮ್ ಲೈಸೆನ್ಸ್, ಅಂದ್ರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಇದೆ, ಆದ್ರೂ ಹ್ಯಾಮ್‌ನಲ್ಲಿ ಹಾಡು ಹಾಕೋ ಹಾಗಿಲ್ಲ. ಸ್ಪೀಕರಲ್ಲಿ ಸಿನಿಮಾ ಹಾಡು ಹಾಕೋದಾದ್ರೆ ಪಿಪಿಎಲ್ ಐಪಿಆರ್‌ಎಸ್ ಅಂತ ಹಾಡಿನ ಹಕ್ಕು ನೋಡ್ಕೊಳ್ಳೋ ಸಂಸ್ಥೆಗಳಿವೆ, ಅವುಗಳ ಲೈಸೆನ್ಸ್ ಬೇರೆ. ಮೈಕ್ ಬೇಕಾದ್ರೆ ಪೊಲೀಸ್ ಸ್ಟೇಷನ್‌ಗೆ ಒಂದು ಅರ್ಜಿ, ರಾತ್ರಿ 10ರ ಮೇಲೆ ಹೇಗೂ ಹಾಕೋ ಹಾಗಿಲ್ಲ. ನನ್ನ ಕೇಳಿದ್ರೆ ಮೈಕೇ ಬೇಡ, ರೇಡಿಯೋ ಕೇಳೋಕೆ ಬಂದೋರ ಮಧ್ಯೆ ಮೈಕಿನವನಿಗೇನು ಕೆಲ್ಸ.

ಸುಮ್ನೆ_ಬಂದೆ

ಇಷ್ಟೆಲ್ಲಾ ಯಾಕೆ ಗುರು, ಝೂಮಲ್ಲಿ ಮಾಡಿ ಮುಗಿಸಿ. ಖರ್ಚಿಲ್ಲ, ಯೂಟ್ಯೂಬಲ್ಲಿ ಹಾಕಿದ್ರೆ ಸಾವಿರ ಜನ ನೋಡ್ತಾರೆ.

ಮಂಡ್ಯದ್_ಮರ್ಫಿ

ಝೂಮಲ್ಲಿ ವಡೆ ಕೊಡಾಕಾಯ್ತದಾ ಗುರು?

ಸೀರೀಸ್_ಬಲ್ಬ್

ಶಾರ್ಟ್‌ವೇವ್ ಸರ್ ಹೇಳಿದ ಮೇಲೆ ಸಂಜೆ ವಿಷಯ ಒಪ್ಪಲೇಬೇಕು. ನಾನೂ ಬರೀ ಲೈಟಿನ ಮೇಲೆ ತಪ್ಪು ಹಾಕಿದ್ದೆ, ನಮ್ಮ ಕಾರ್ಯಕ್ರಮನೂ 5ಕ್ಕೇ ಮುಗಿಸಿದ್ವಿ.

ಇನ್ನೆರಡು ಎಚ್ಚರಿಕೆ. ಯಾರ ಸೆಟ್ಟನ್ನೂ ಸೀದಾ ಪ್ಲಗ್ಗಿಗೆ ಹಾಕೋಕೆ ಬಿಡ್ಬೇಡಿ. ಇಪ್ಪತ್ತು ಮೂವತ್ತು ವರ್ಷ ಅಟ್ಟದಲ್ಲಿದ್ದ ಸೆಟ್ಟಿನ ಕಂಡೆನ್ಸರ್ ಒಣಗಿರುತ್ತೆ, ಪಟ್ ಅಂತ ಹೊಡೆದ್ರೆ ಟ್ರಾನ್ಸ್‌ಫಾರ್ಮರನ್ನೂ ಕರ್ಕೊಂಡು ಹೋಗುತ್ತೆ. ಬಾಗಿಲಲ್ಲೇ ಒಂದು ಟೇಬಲ್ ಹಾಕಿ, 60 ವ್ಯಾಟಿನ ಹಳೇ ತಂತಿ ಬಲ್ಬ್ ಸೀರೀಸಲ್ಲಿ ಕೊಟ್ಟಿರೋ ಬೋರ್ಡ್ ಇಡಿ, ಅಂದ್ರೆ ಸೆಟ್ಟಿಗೆ ಹೋಗೋ ಕರೆಂಟು ಬಲ್ಬ್ ದಾಟ್ಕೊಂಡೇ ಹೋಗ್ಬೇಕು. ಬಲ್ಬ್ ಒಂದ್ಸಲ ಹೊಳೆದು ಮಂಕಾದ್ರೆ ಸೆಟ್ ಪರ್ವಾಗಿಲ್ಲ, ಪೂರ್ತಿ ಉರೀತಾನೇ ಇದ್ರೆ ಶಾರ್ಟ್, ಆಫ್ ಮಾಡಿ ರಿಪೇರಿ ಬೆಂಚಿಗೆ ಕಳ್ಸಿ. ಎಲ್‌ಇಡಿ ಬಲ್ಬ್ ಹಾಕಿದ್ರೆ ಈ ಆಟ ನಡೆಯಲ್ಲ, ಹಳೇ ಬಲ್ಬ್ ಈಗ್ಲಿಂದ್ಲೇ ಹುಡುಕಿಟ್ಕೊಳ್ಳಿ. ಮತ್ತೆ ಒಳಗೆ 250 ವೋಲ್ಟ್ ಡಿಸಿ ಓಡಾಡ್ತಿರುತ್ತೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತೆ, ರಿಪೇರಿ ಬೆಂಚಿನ ಸುತ್ತ ಹಗ್ಗ ಕಟ್ಟಿ, ಮಕ್ಳು ಬರ್ತಾರೆ.

ಎರಡನೇದು ನಾಬು. ನಗ್ಬೇಡಿ. ನಮ್ಮ ಕಾರ್ಯಕ್ರಮದಲ್ಲಿ ಒಬ್ರ ಮರ್ಫಿ ಸೆಟ್ಟಿನ ಒಂದು ನಾಬ್ ಹೋಯ್ತು, ರಾತ್ರಿ 9ರವರ್ಗೂ ಆ ಮನುಷ್ಯ ಟೇಬಲ್ ಕೆಳಗೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಹುಡುಕ್ತಿದ್ರು, ಸಿಗ್ಲಿಲ್ಲ. ಅಂಥ ನಾಬ್ ಇನ್ನೆಲ್ಲಿ ತರ್ತೀರ. ಮತ್ತೆ ಅವ್ರು ಯಾವ ಕಾರ್ಯಕ್ರಮಕ್ಕೂ ಸೆಟ್ ತಂದಿಲ್ಲ. ಒಳಗೆ ಬರೋವಾಗ್ಲೇ ಸೆಟ್ಟಿಗೆ ಸ್ಟಿಕರ್ ಅಂಟಿಸಿ, ನಾಲ್ಕು ಕಡೆಯಿಂದ ಫೋಟೋ ತೆಗೀರಿ, ರಿಜಿಸ್ಟರಲ್ಲಿ ನಾಬ್ ಎಷ್ಟು, ಹಿಂದಿನ ಮುಚ್ಚಳ ಇದ್ಯಾ ಅಂತ ಬರೆದು ಸೈನ್ ಹಾಕ್ಸಿ.

ಮಾರಾಟ ಭಾನುವಾರ 10ರ ಮೇಲೇ ಇರ್ಲಿ, ಅದಕ್ಕೆ ಮುಂಚೆ ಯಾರೂ ಬೆಲೆ ಕೇಳೋ ಹಾಗಿಲ್ಲ ಅಂತ ಮೊದಲೇ ಹೇಳಿ. ಇಲ್ದಿದ್ರೆ ಬೆಂಗ್ಳೂರಿಂದ ವ್ಯಾಪಾರದವ್ರು ಬೆಳಗ್ಗೆ ಗೇಟಲ್ಲೇ ನಿಂತು ಹಳ್ಳಿಯಿಂದ ಬಂದವ್ರ ಸೆಟ್ಟನ್ನ ಐನೂರು ಸಾವಿರಕ್ಕೆ ಎತ್ಕೊಂಡು ಹೋಗಿಬಿಡ್ತಾರೆ, ಮಧ್ಯಾಹ್ನ ಅದೇ ಸೆಟ್ಟು ಪಕ್ಕದ ಟೇಬಲಲ್ಲಿ ಹತ್ತು ಪಟ್ಟು ಬೆಲೆಗೆ ಕೂತಿರುತ್ತೆ. ನಾನು ಕಣ್ಣಾರೆ ನೋಡಿದೀನಿ.

ಲತಾ_ಸರಸ್ವತಿಪುರಂ

500 ಫೀಸ್ ಇಳಿಸ್ಬೇಡಿ ಸರ್, ಇಳಿಸಿದ್ರೆ ಬರೋರು ಜಾಸ್ತಿ ಆಗಲ್ಲ, ಬರ್ದೇ ಇರೋರಿಗೆ ನಷ್ಟ ಕಮ್ಮಿ ಆಗುತ್ತೆ ಅಷ್ಟೇ. ಬೇಕಿದ್ರೆ ಸೆಟ್ ತರೋರಿಗೆ 300 ಮಾಡಿ, ಮನೆಯವ್ರ ಊಟ ಫ್ರೀ ಮಾಡಿ. ದುಡ್ಡು ಹಾಕಿದ ಆ 7 ಜನರನ್ನ ಮೊದಲು ಕರೆದು ಕೂರಿಸ್ಕೊಳ್ಳಿ, ನಿಮ್ಮ ಕಮಿಟಿ ಅವರೇ. ಭಾವ ಸೇರಿ.

ಬೇಕಲೈಟ್_ಮೈಸೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ತೋಟಕ್ಕೆ ಹೋಗಿದ್ದೆ, ಜೇಬಲ್ಲಿ ಟ್ರಾನ್ಸಿಸ್ಟರ್ ಇಟ್ಕೊಂಡೇ. ಜೊತೇಲಿ ನಮ್ಮನೆಯವ್ರೂ ಬಂದಿದ್ರು, ಬಾತ್‌ರೂಮ್ ನೋಡೋಕೆ (ಎರಡು ಸರಿ ಇದೆ, ಒಂದಕ್ಕೆ ಚಿಲಕ ಹಾಕಿಸ್ಬೇಕು). ಆರೂ ಮುಕ್ಕಾಲಿಗೆ ತೊಟ್ಟಿ ಮನೆ ಜಗಲಿ ಮೇಲೆ ಕೂತು ಡಯಲ್ ತಿರುಗಿಸ್ತಾ ಹೋದೆ, ಯಾವ್ದೋ ತಮಿಳು ಸ್ಟೇಷನ್ನು ಬಂತು, ಹೋಯ್ತು, ಮತ್ತೆ ಬಂತು. ಇವ್ರು ಅದನ್ನ ಕೈಯಿಂದ ಇಸ್ಕೊಂಡು ಕಿವಿ ಹತ್ರ ಇಟ್ಕೊಂಡ್ರು, ವಾಪಸ್ ಕೊಡೋಕೆ ಇಪ್ಪತ್ತು ನಿಮಿಷ ಆಯ್ತು.

ಸೋ ಫೈನಲ್: ಫೆಬ್ರವರಿ 20 ಶನಿವಾರ ಮಧ್ಯಾಹ್ನ 3ರಿಂದ 21 ಭಾನುವಾರ ಮಧ್ಯಾಹ್ನ ಊಟದವರ್ಗೆ. ಉದ್ಘಾಟನೆ ಇಲ್ಲ. ಐದು ಫೋಟೋದಲ್ಲಿ ಇಬ್ರಿಗೆ ಆಗ್ಲೇ ಫೋನ್ ಮಾಡಿ ಹೇಳ್ದೆ, ಒಬ್ರು ಬೇಜಾರಾದ್ರು, ಇನ್ನೊಬ್ರು "ಹಂಗಾದ್ರೆ ನಮ್ಮ ತಂದೆ ರೇಡಿಯೋ ತರ್ಲಾ" ಅಂದ್ರು. ಪೋಸ್ಟ್ ಕಾರ್ಡ್ 150 ತಂದಿದೀನಿ, ದಿನಾ ಹತ್ತು ಬರೀತೀನಿ, ಇವತ್ತಿಂದು ಮುಗೀತು, ಕೈ ನೋಯ್ತಿದೆ. ಮೊದಲನೇ ಕಾರ್ಡು ನಂಜನಗೂಡಿಗೆ, ಸೀರೀಸ್ ಬಲ್ಬ್ ಸರ್ ಆ ತಾತನ ವಿಳಾಸ ನಂಗೆ ಬೇರೆಯಾಗಿ ಕಳಿಸಿ.

ಮಂಡ್ಯದ ಮರ್ಫಿ ಅಣ್ಣ ಟೆಂಪೋ ನಿಮ್ದೇ. ಈಗ ಬೇಕಾಗಿರೋದು ಏರಿಯಲ್‌ಗೆ ಒಂದು 100 ಅಡಿ ತಾಮ್ರದ ತಂತಿ, ಮತ್ತೆ ತೆಂಗಿನ ಮರ ಹತ್ತೋ ಧೈರ್ಯ ಇರೋರು ಒಬ್ರು. ಯಾರಿದೀರ?

ಮಂಡ್ಯದ್_ಮರ್ಫಿ

ತಂತಿ ಐತೆ. ಮರ ಹತ್ತಾಕೆ ನಮ್ಮೂರ ಎಳನೀರು ಹುಡ್ಗುನ್ನ ಟೆಂಪೋಲೇ ಕೂರಿಸ್ಕಂಡ್ ಬತ್ತೀನಿ, ಅವನ್ಗೂ ಎರಡು ವಡೆ ಎತ್ತಿಡಿ.